ಹವಾಯಿ ಟ್ರಿಪ್‌ನಲ್ಲಿ ಒಂದು ದಿನ ಕೆಸರಿಗೆ ಇಳಿಯೋರಿಗೆ: ಅಲ್ಲಿನ ಪವಿತ್ರ ಜಾಗಗಳ ಸೇವೆಯ ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾ ಕಡೆ ಇರೋ ನಮ್ಮವರಿಗೆ ಹವಾಯಿ ಅಂದ್ರೆ ಐದು ಗಂಟೆ ಫ್ಲೈಟು, ಲಾಂಗ್ ವೀಕೆಂಡ್ ಬಂದ್ರೆ ಸಾಕು ಹೊರಟೇಬಿಡ್ತಾರೆ, ಬೀಚು, ಜ್ವಾಲಾಮುಖಿ, ಕೊರಳಿಗೊಂದು ಹೂವಿನ ಹಾರ ಹಾಕ್ಕೊಂಡು ನಾಲ್ಕು ಫೋಟೋ, ವಾಪಸ್. ಅದರಲ್ಲಿ ತಪ್ಪೇನಿಲ್ಲ. ಆದ್ರೆ ಆ ನಾಲ್ಕೈದು ದಿನದಲ್ಲಿ ಒಂದು ಅರ್ಧ ದಿನ ತೆಗೆದಿಟ್ರೆ ಅಲ್ಲಿನ ಮೂಲನಿವಾಸಿಗಳು ತಮ್ಮ ಹಳೇ ಪೂಜಾಸ್ಥಳ, ಮೀನುಕೊಳ, ಗದ್ದೆಗಳನ್ನ ಮತ್ತೆ ಎಬ್ಬಿಸ್ತಾ ಇರೋ ಕೆಲಸಕ್ಕೆ ನೀವೂ ಕೈ ಹಾಕಬಹುದು. ಹೇಗೆ ಅಂತ ಕೇಳೋರು ಜಾಸ್ತಿ ಆಗಿದ್ದಾರೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಾ ಇದೀನಿ.

ಮೊದಲೇ ಒಂದು ಮಾತು. ನೀವು ಹೋಗಿ ಯಾವ ಗುಡೀನೂ ಜೀರ್ಣೋದ್ಧಾರ ಮಾಡಲ್ಲ. ಕಳೆ ಕೀಳ್ತೀರ, ಕೊಂಬೆ ಎಳೀತೀರ, ಬಕೆಟ್‌ನಲ್ಲಿ ಕೆಸರು ಹೊರ್ತೀರ. ಪವಿತ್ರ ಅನ್ನೋ ಕಲ್ಲನ್ನ ಮುಟ್ಟೋ ಅವಕಾಶ ಬಹಳಷ್ಟು ಸಲ ಸಿಗೋದೇ ಇಲ್ಲ, ಸಿಗಬಾರದು ಕೂಡ. ಇದಕ್ಕೆ ಒಪ್ಪಿಗೆ ಇದ್ರೆ ಮುಂದೆ ಓದಿ.

ಈ ಜಾಗಗಳು ಹಾಳಾಗಿದ್ದು ಹೇಗೆ

ಇದನ್ನ ಸ್ವಲ್ಪ ತಿಳ್ಕೊಂಡು ಹೋದ್ರೆ ಒಳ್ಳೇದು, ಇಲ್ಲಾಂದ್ರೆ ಅಲ್ಲಿ ನಿಂತಾಗ ಬರೀ ಕಲ್ಲಿನ ರಾಶಿ ಕಾಣತ್ತೆ. ಹವಾಯಿಯ ಪೂಜಾಸ್ಥಳಕ್ಕೆ ಹೇಯಾವ್ ಅಂತಾರೆ, ಗಾರೆ ಇಲ್ಲದೆ ಬರೀ ಲಾವಾ ಕಲ್ಲು ಪೇರಿಸಿ ಕಟ್ಟಿದ ದೊಡ್ಡ ಕಟ್ಟೆ, ಅದರ ಮೇಲೆ ಹುಲ್ಲು ಹೊದಿಸಿದ ಮನೆ, ಮರದಲ್ಲಿ ಕೆತ್ತಿದ ದೇವರ ಮೂರ್ತಿ ಇರ್ತಿತ್ತು. 1819ರಲ್ಲಿ ಎರಡನೇ ಕಮೆಹಮೆಹ ರಾಜ ಹಳೇ ಕಟ್ಟುಪಾಡು ಎಲ್ಲಾ ತೆಗೆದುಹಾಕಿದ, ಮೂರ್ತಿಗಳನ್ನ ಸುಟ್ರು, ಮುಂದಿನ ವರ್ಷ ಅಮೆರಿಕದ ಮಿಷನರಿಗಳು ಬಂದ್ರು. ಆಮೇಲೆ ಕಬ್ಬಿನ ಪ್ಲಾಂಟೇಶನ್‌ನವರು ಜಮೀನು ಹಿಡಿದ್ರು, ಹೊಳೆ ನೀರನ್ನ ತಿರುಗಿಸಿಕೊಂಡ್ರು, ಎಷ್ಟೋ ಹೇಯಾವ್‌ಗಳ ಕಲ್ಲನ್ನೇ ಕಿತ್ತು ಬೇರೆ ಕೆಲಸಕ್ಕೆ ಬಳಸಿದ್ರು. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನ ಇಳಿಸಿದ್ರು, 1898ರಲ್ಲಿ ಅಮೆರಿಕ ದ್ವೀಪಗಳನ್ನ ಸೇರಿಸಿಕೊಂಡಿತು. ನೋಡ್ಕೊಳ್ಳೋ ಜನರನ್ನ ಜಾಗದಿಂದ ಎಬ್ಬಿಸಿದ ಮೇಲೆ ಜಾಗ ಉಳಿಯೋದು ಹೇಗೆ, ಕಾಡು ನುಗ್ಗಿತು. ಈಗ ನಡೀತಾ ಇರೋ ಕೆಲಸದಲ್ಲಿ ಕಲ್ಲು ನಿಲ್ಲಿಸೋದು ಒಂದು ಭಾಗ ಅಷ್ಟೇ, ಅದಕ್ಕಿಂತ ದೊಡ್ಡದು ಆ ಊರಿನ ಮಕ್ಕಳು ಮತ್ತೆ ಆ ಜಾಗದಲ್ಲಿ ಓಡಾಡೋ ಹಾಗೆ ಮಾಡೋದು.

ಹೆಜ್ಜೆ 1: ಎಂಥ ಕೆಲಸ ಅಂತ ಆರಿಸ್ಕೊಳ್ಳಿ

ಮೊದಲ ಸಲ ಹೋಗೋರಿಗೆ ನಾನು ಕಣ್ಣು ಮುಚ್ಚಿ ಹೇಳೋದು ಮೀನುಕೊಳ. ಅವರ ಭಾಷೇಲಿ ಲೋಕೋ ಇಆ. ಸಮುದ್ರದ ಅಂಚಲ್ಲಿ ಕಲ್ಲಿನ ಗೋಡೆ ಸುತ್ತು ಹಾಕಿ ಒಳಗೆ ಮೀನು ಬೆಳೆಸೋ ಪದ್ಧತಿ, ಒಂದು ಕಾಲದಲ್ಲಿ ದ್ವೀಪಗಳಲ್ಲಿ ಇಂಥವು 400ಕ್ಕಿಂತ ಜಾಸ್ತಿ ಇದ್ವು. ಓವಾಹು ದ್ವೀಪದ ಕಾನೆಓಹೆ ಕೊಲ್ಲಿಯಲ್ಲಿ ಹೆಏಯ ಅನ್ನೋ ಕೊಳ ಇದೆ, 88 ಎಕರೆ, ಗೋಡೆಯ ಉದ್ದ ಸುಮಾರು 1.3 ಮೈಲಿ, ಕಟ್ಟಿ 600ರಿಂದ 800 ವರ್ಷ ಆಗಿದೆ ಅಂತ ಲೆಕ್ಕ. ಗೋಡೆ ಅಂದ್ರೆ ಎರಡು ಸಾಲು ಲಾವಾ ಕಲ್ಲು, ನಡುವೆ ಹವಳದ ತುಂಡು ತುಂಬಿರೋದು. ಗೋಡೆಯಲ್ಲಿ ಅಲ್ಲಲ್ಲಿ ಮಾಕಾಹಾ ಅನ್ನೋ ತೂಬು, ಅದಕ್ಕೆ ಮರದ ಪಟ್ಟಿಗಳನ್ನ ಒತ್ತೊತ್ತಾಗಿ ಜೋಡಿಸಿರ್ತಾರೆ, ಭರತದ ನೀರಿನ ಜೊತೆ ಮರಿಮೀನು ಸಂದಿಯಿಂದ ಒಳಗೆ ಬರತ್ತೆ, ಒಳಗಿನ ಪಾಚಿ ತಿಂದು ದಪ್ಪ ಆಗತ್ತೆ, ಆಮೇಲೆ ಅದೇ ಸಂದೀಲಿ ಹೊರಗೆ ಹೋಗಕ್ಕಾಗಲ್ಲ. ಎಷ್ಟು ಸರಳ ನೋಡಿ. ಹೀಗೆ ಬೆಳೆಸ್ತಿದ್ದ ಮೀನಲ್ಲಿ ಅವ ಅನ್ನೋದೊಂದಿದೆ, ನಮ್ಮ ಕರಾವಳಿಯವರು ಹೂಮೀನು ಅಂತಾರಲ್ಲ ಅದೇ.

1965ರ ಪ್ರವಾಹದಲ್ಲಿ ಈ ಗೋಡೆ ಒಡೀತು, ಕೊಳ ಹಾಗೇ ಬಿದ್ದಿತ್ತು. 2001ರಲ್ಲಿ ಪೈಪೈ ಓ ಹೆಏಯ ಅನ್ನೋ ಸಂಸ್ಥೆ ಹುಟ್ಟಿಕೊಂಡಿತು, ವಾಲಂಟಿಯರ್‌ಗಳ ಕೈಯಿಂದ್ಲೇ ಹೆಚ್ಚೂಕಮ್ಮಿ ಎಲ್ಲಾ ಕೆಲಸ ಮಾಡಿಸಿ ಆ ದೊಡ್ಡ ಒಡಕನ್ನ 2015ರಲ್ಲಿ ಮುಚ್ಚಿದ್ರು. ಈಗ್ಲೂ ಶನಿವಾರಗಳಲ್ಲಿ ಸಾರ್ವಜನಿಕರಿಗೆ ಕೆಲಸದ ದಿನ ಇಡ್ತಾರೆ, ಯಾವ ಶನಿವಾರ ಅಂತ ಅವರ ಕ್ಯಾಲೆಂಡರ್ ನೋಡ್ಕೊಳ್ಳಿ. ಅಲ್ಲಿ ನಿಮ್ಮ ಪಾಲಿಗೆ ಬರೋ ಕೆಲಸ ಬಹುಶಃ ಮ್ಯಾಂಗ್ರೋವ್ ಕಡಿದು ಎಳೆಯೋದು. ಉತ್ತರ ಕನ್ನಡ, ಕುಂದಾಪುರದ ಕಡೆಯವರಿಗೆ ಇದು ವಿಚಿತ್ರ ಅನ್ನಿಸತ್ತೆ, ನಮ್ಮಲ್ಲಿ ಕಾಂಡ್ಲಾ ಗಿಡ ಉಳಿಸಿ ಅಂತ ಹೊಳೆ ಬಾಯಲ್ಲಿ ನೆಡ್ತಾರೆ, ಅಲ್ಲಿ ಅದನ್ನೇ ಬುಡ ಸಮೇತ ತೆಗೀತಾರೆ. ಕಾರಣ ಇಷ್ಟೇ, ಹವಾಯಿಗೆ ಅದು ಸ್ವಂತದ ಗಿಡ ಅಲ್ಲ, 1902ರಲ್ಲಿ ಮೊಲೊಕಾಯಿ ದ್ವೀಪದಲ್ಲಿ ಮಣ್ಣು ಕೊಚ್ಚಿ ಹೋಗದೆ ಇರ್ಲಿ ಅಂತ ತಂದು ನೆಟ್ಟಿದ್ದು, ಆಮೇಲೆ ಎಲ್ಲಾ ಕಡೆ ಹಬ್ಬಿತು. ಬೇರು ಕಲ್ಲಿನ ಸಂದಿಗೆ ಇಳಿದು ಗೋಡೆಯನ್ನೇ ಸೀಳತ್ತೆ, ನೀರಿನ ಓಡಾಟ ನಿಂತು ಹೂಳು ತುಂಬತ್ತೆ. ಹಾಗೇ ಹವಾಯಿಯ ಕಾಡಲ್ಲಿ ಕಡೀರಿ ಅಂತ ತೋರಿಸೋ ಗಿಡಗಳಲ್ಲಿ ನಮ್ಮ ಸುಬಾಬುಲ್ ಇದೆ, ಲಂಟಾನ ಇದೆ, ನೇರಳೆ ಮರಾನೂ ಇದೆ. ನೇರಳೆ ಮರಕ್ಕೆ ಗರಗಸ ಹಾಕೋಕೆ ಮನಸ್ಸು ಬರಲ್ಲ, ಆದ್ರೂ ಹಾಕಿ.

ಎರಡನೇದು ಕೆಸುವಿನ ಗದ್ದೆ. ಕೆಸುವಿಗೆ ಅವರು ಕಲೋ ಅಂತಾರೆ, ಭತ್ತದ ಗದ್ದೆ ಥರಾನೇ ನೀರು ನಿಲ್ಲಿಸಿ ಬೆಳೀತಾರೆ, ಮಲೆನಾಡಿನವರಿಗೆ ಕಾಲಿಟ್ಟ ತಕ್ಷಣ ಮನೆಗೆ ಬಂದ ಹಾಗಾಗತ್ತೆ. ಆದ್ರೆ ಅವರಿಗೆ ಅದು ಬರೀ ಬೆಳೆ ಅಲ್ಲ. ಅವರ ಹುಟ್ಟಿನ ಕಥೆ ಪ್ರಕಾರ ಆಕಾಶದ ತಂದೆಗೆ ಹುಟ್ಟಿದ ಮೊದಲ ಮಗು ಉಸಿರಾಡಲೇ ಇಲ್ಲ, ಅದನ್ನ ಹೂತ ಜಾಗದಲ್ಲಿ ಕೆಸು ಹುಟ್ಟಿತು, ಎರಡನೇ ಮಗು ಹಾಲೋಅ ಮನುಷ್ಯರ ಮೂಲಪುರುಷ ಆದ. ಅಂದ್ರೆ ಕೆಸು ಮನೆಯ ಹಿರಿಯಣ್ಣ. ಕೆಲಸದ ಮಧ್ಯೆ ಗಿಡ ತುಳಿದ್ರೆ ಅಲ್ಲಿನ ಆಂಟಿ ಒಬ್ರು ಯಾಕೆ ಅಷ್ಟು ಸೀರಿಯಸ್ಸಾಗಿ ಮುಖ ಮಾಡ್ತಾರೆ ಅಂತ ಇದು ಗೊತ್ತಿದ್ರೆ ಅರ್ಥ ಆಗತ್ತೆ. ಓವಾಹುವಿನ ಕೈಲುವಾ ಊರಲ್ಲಿ ಉಲುಪೋ ಹೇಯಾವ್ ಇದೆ, 140 ಅಡಿಗೆ 180 ಅಡಿ ಕಟ್ಟೆ, ಒಂದು ಕಡೆ ಗೋಡೆ 30 ಅಡಿ ಎತ್ತರಕ್ಕೆ ಹೋಗತ್ತೆ, ಪಕ್ಕದಲ್ಲೇ ಒರತೆ, ಅದರ ನೀರಿಗೆ ಈ ಗದ್ದೆಗಳು. ಕವುಲುವಕಲನ ಅನ್ನೋ ಸ್ಥಳೀಯ ಸಂಸ್ಥೆ ಎರಡನ್ನೂ ನೋಡ್ಕೊಳ್ತಿದೆ, ಕಟ್ಟೆಯನ್ನೂ ಬೆಳೆಯನ್ನೂ ಬೇರೆ ಬೇರೆ ಮಾಡಿಲ್ಲ, ನನಗೆ ಅಲ್ಲಿ ಇಷ್ಟ ಆಗೋದು ಅದೇ.

ಮೂರನೇದು ಕಹೋಒಲಾವೆ ದ್ವೀಪ, ಇದು ಗಟ್ಟಿಗರಿಗೆ ಮಾತ್ರ. 1941ರಿಂದ 1990ರವರೆಗೆ ಅಮೆರಿಕದ ನೌಕಾಪಡೆ ಇಡೀ ದ್ವೀಪಾನ ಬಾಂಬ್ ಪ್ರಾಕ್ಟೀಸ್‌ಗೆ ಇಟ್ಕೊಂಡಿತ್ತು, 1965ರಲ್ಲಿ 500 ಟನ್ ಟಿಎನ್‌ಟಿ ಒಂದೇ ಏಟಿಗೆ ಸಿಡಿಸಿ ನೋಡಿದ್ರು. 1976ರ ಜನವರಿಯಲ್ಲಿ ಸ್ಥಳೀಯ ಹೋರಾಟಗಾರರು ನಿಷೇಧ ಮುರಿದು ದ್ವೀಪಕ್ಕೆ ಇಳಿದ್ರು, ಮುಂದಿನ ವರ್ಷ ಜಾರ್ಜ್ ಹೆಲ್ಮ್ ಮತ್ತು ಕಿಮೋ ಮಿಚೆಲ್ ಅಲ್ಲಿಂದ ವಾಪಸ್ ಬರ್ತಾ ಸಮುದ್ರದಲ್ಲಿ ಕಾಣೆಯಾದ್ರು. ಆ ಹೋರಾಟದಿಂದ್ಲೇ ಬಾಂಬು ನಿಂತಿದ್ದು. ನೌಕಾಪಡೆ ಹತ್ತು ವರ್ಷ ಕ್ಲೀನ್ ಮಾಡಿದ ಮೇಲೂ ದ್ವೀಪದ ಸುಮಾರು ಕಾಲು ಭಾಗ ಹಾಗೇ ಉಳಿದಿದೆ, ಸಿಡಿಯದ ಬಾಂಬು ಇನ್ನೂ ನೆಲದಲ್ಲಿದೆ. ಹೋರಾಟದಿಂದ ಹುಟ್ಟಿದ ಪ್ರೊಟೆಕ್ಟ್ ಕಹೋಒಲಾವೆ ಓಹಾನ ಸಂಘಟನೆ ವಾಲಂಟಿಯರ್‌ಗಳನ್ನ ಕರ್ಕೊಂಡು ಹೋಗತ್ತೆ. ಬಂದರು ಇಲ್ಲ, ದೋಣಿ ದಡಕ್ಕೆ ಬರಲ್ಲ, ಲಗೇಜೆಲ್ಲಾ ನೀರು ಹೋಗದ ಹಾಗೆ ಚೀಲಕ್ಕೆ ಕಟ್ಟಿ, ಅಲೆಯಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ, ನೀವೂ ಈಜಿಕೊಂಡೇ ದಡ ಸೇರಬೇಕು. ಜವಾಬ್ದಾರಿ ನಮ್ದೇ ಅಂತ ಸಹಿ ಹಾಕ್ಬೇಕು, ಹಾದಿ ಬಿಟ್ಟು ಒಂದು ಹೆಜ್ಜೆ ಆಚೆ ಇಡೋ ಹಾಗಿಲ್ಲ. ವೇಟಿಂಗ್ ಲಿಸ್ಟ್ ಉದ್ದ ಇರತ್ತೆ, ಸ್ಥಳೀಯರಿಗೆ ಮೊದಲ ಆದ್ಯತೆ ಸಿಕ್ರೆ ಬೇಜಾರು ಮಾಡ್ಕೋಬೇಡಿ.

ಇನ್ನು ಬಿಗ್ ಐಲ್ಯಾಂಡ್‌ಗೆ, ಅಂದ್ರೆ ಹವಾಯಿಯ ಅತಿ ದೊಡ್ಡ ದ್ವೀಪಕ್ಕೆ ಹೋಗೋರಿಗೆ ನ್ಯಾಷನಲ್ ಪಾರ್ಕ್‌ಗಳಿವೆ, ಕಲೋಕೋ ಹೊನೊಕೋಹಾವ್, ಪುಉಹೊನುವ ಓ ಹೋನೌನೌ, ಪುಉಕೊಹೊಲಾ. ಪಾರ್ಕ್‌ನವರದೇ ವಾಲಂಟಿಯರ್ ಪ್ರೋಗ್ರಾಂ ಇದೆ. ಕವಾಯಿ ದ್ವೀಪದಲ್ಲಿ ಲಿಹುಎ ಹತ್ತಿರ ಅಲೆಕೊಕೊ ಮೀನುಕೊಳ, ಪೊಇಪು ಕಡೆ ಕಾನೆಇಒಲೊಉಮ ಅನ್ನೋ ಹೇಯಾವ್ ಇರೋ ಜಾಗ. ಕವಾಯಿಗೆ ಹೋದ್ರೆ ನಮ್ಮವರು ಇರೈವನ್ ಅನ್ನೋ ಶಿವನ ದೇವಸ್ಥಾನ ನೋಡದೆ ಬರಲ್ಲ, ಅದರ ಗ್ರಾನೈಟ್ ಕಲ್ಲೆಲ್ಲಾ ಬೆಂಗಳೂರಿನ ಹತ್ತಿರ ಕೈಯಲ್ಲೇ ಕೆತ್ತಿ ಹಡಗಲ್ಲಿ ಕಳಿಸಿದ್ದು ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ. ಬೆಳಿಗ್ಗೆ ದೇವಸ್ಥಾನ ನೋಡಿ, ಇನ್ನೊಂದು ಬೆಳಿಗ್ಗೆ ಆ ದ್ವೀಪದವರದೇ ಜಾಗಕ್ಕೆ ಕೊಡಿ.

ಹೆಜ್ಜೆ 2: ಯಾರ ಜೊತೆ ಹೋಗ್ತಿದೀರ ಅಂತ ನೋಡಿ

ಎಲ್ಲಕ್ಕಿಂತ ಮುಖ್ಯ ಇದೇ. "ಸಂಸ್ಕೃತಿ ಅನುಭವ" ಅಂತ ಪ್ಯಾಕೇಜ್ ಮಾರೋರು ಬೇಕಾದಷ್ಟಿದ್ದಾರೆ, ಎರಡು ಗಿಡ ನೆಡಿಸಿ, ಜ್ಯೂಸು ಕೊಟ್ಟು, ಫೋಟೋ ತೆಗೆಸಿ ಕಳಿಸ್ತಾರೆ. ಬುಕ್ ಮಾಡೋ ಮುಂಚೆ ಕೇಳ್ಕೊಳ್ಳಿ: ಜಾಗದ ಜವಾಬ್ದಾರಿ ಯಾರದ್ದು, ತೀರ್ಮಾನ ಮಾಡೋರು ಆ ಕಣಿವೆಯ, ಆ ಊರಿನ ಹವಾಯಿ ಮನೆತನಗಳವರಾ, ಟೂರಿಸ್ಟ್ ಬರದೇ ಇದ್ರೂ ಅಲ್ಲಿ ಕೆಲಸ ನಡೀತಿರತ್ತಾ, ನೀವು ಕೊಡೋ ದುಡ್ಡು ಎಲ್ಲಿಗೆ ಹೋಗತ್ತೆ. ಸ್ಥಳೀಯ ಶಾಲೆ ಮಕ್ಕಳು ಬರ್ತಾರೆ, ವಾರಾಂತ್ಯ ಅಲ್ಲಿನ ಕುಟುಂಬಗಳೇ ಬರ್ತಾವೆ ಅಂದ್ರೆ ಸರಿಯಾದ ಜಾಗ. ಮೀನುಕೊಳಗಳಿಗೆ ಹುಯಿ ಮಾಲಮ ಲೋಕೋ ಇಆ ಅನ್ನೋ ಒಕ್ಕೂಟ ಇದೆ, ಅದರಲ್ಲಿ ಇರೋ ಕೊಳಗಳನ್ನ ನಂಬಬಹುದು.

ಹವಾಯಿ ಪ್ರವಾಸೋದ್ಯಮ ಪ್ರಾಧಿಕಾರದ ಮಾಲಮ ಹವಾಯಿ ಅನ್ನೋ ಕಾರ್ಯಕ್ರಮದಲ್ಲಿ ಕೆಲವು ಹೋಟೆಲ್‌ನವರು ಸೇವೆ ಮಾಡಿದ್ರೆ ಡಿಸ್ಕೌಂಟೋ ಒಂದು ರಾತ್ರಿ ಫ್ರೀಯೋ ಕೊಡ್ತಾರೆ. ತಗೊಳ್ಳಿ, ತಪ್ಪಿಲ್ಲ, ಆದ್ರೆ ಬರೀ ಅದಕ್ಕೋಸ್ಕರ ಹೋದೋರು ಹತ್ತೂವರೆಗೇ ವಾಚ್ ನೋಡೋಕೆ ಶುರು ಮಾಡ್ತಾರೆ, ಪಕ್ಕದಲ್ಲಿ ಇರೋರಿಗೆ ಅದು ಗೊತ್ತಾಗತ್ತೆ.

ಹೆಜ್ಜೆ 3: ಹೆಸರು ಕೊಡೋದು, ವೀಸಾ, ಟೈಮಿಂಗು

ಅವರು ಮೊದಲೇ ಇಟ್ಟಿರೋ ಕೆಲಸದ ದಿನಕ್ಕೆ ನಿಮ್ಮ ಟ್ರಿಪ್ ಹೊಂದಿಸ್ಕೊಳ್ಳಿ. "ನಾವು ಎಂಟು ಜನ ಮಂಗಳವಾರ ಫ್ರೀ ಇದೀವಿ, ಏನಾದ್ರೂ ಅರೇಂಜ್ ಮಾಡಿ" ಅನ್ನೋ ಮೇಲ್ ದಯವಿಟ್ಟು ಬೇಡ, ನಿಮಗೋಸ್ಕರ ಒಬ್ರು ತಮ್ಮ ಕೆಲಸ ಬಿಟ್ಟು ನಿಲ್ಲಬೇಕಾಗತ್ತೆ. ಮೇಲ್‌ನಲ್ಲಿ ಎಷ್ಟು ಜನ, ಮಕ್ಕಳ ವಯಸ್ಸು, ಯಾರಿಗಾದ್ರೂ ಮಂಡಿ ಬೆನ್ನು ತೊಂದ್ರೆ ಇದೆಯಾ, ಈಜು ಬರತ್ತಾ, ಅಷ್ಟು ಬರೀರಿ ಸಾಕು. ಫಾರ್ಮ್ ತುಂಬಿ ಸಹಿ ಹಾಕಿಸ್ತಾರೆ, ಮನೇಲೇ ಓದಿ. ಬರಕ್ಕಾಗಲ್ಲ ಅಂದ್ರೆ ಮುಂಚೆನೇ ಹೇಳಿ. ಅಕ್ಟೋಬರ್ ನವೆಂಬರಿಂದ ಫೆಬ್ರವರಿ ತನಕ ಮಕಹಿಕಿ ಅನ್ನೋ ಅವರ ಹಬ್ಬದ ಕಾಲ, ಆಗ ಕೆಲವು ಕಡೆ ಅವರದೇ ಆಚರಣೆ ಇರತ್ತೆ, ಹೊರಗಿನವರಿಗೆ ಪ್ರವೇಶ ಇಲ್ಲ ಅಂದ್ರೆ ಇಲ್ಲ.

ಊರಿಂದ ಬಂದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ ಅಂತ ಕೇಳ್ತಾರೆ. ಲಾಭಕ್ಕಲ್ಲದ ಸಂಸ್ಥೆಯ ಸಾರ್ವಜನಿಕ ಸೇವಾ ದಿನಕ್ಕೆ, ಏನೂ ದುಡ್ಡು ತಗೊಳ್ಳದೆ ಒಂದು ಬೆಳಿಗ್ಗೆ ಹೋಗಿ ಕಳೆ ಕೀಳೋದನ್ನ ಯಾರೂ ಉದ್ಯೋಗ ಅನ್ನಲ್ಲ. ಆದ್ರೆ "ಊಟ ವಸತಿ ಫ್ರೀ, ದಿನಕ್ಕೆ ಇಷ್ಟು ಗಂಟೆ ತೋಟದಲ್ಲಿ ದುಡೀರಿ" ಅನ್ನೋ ಆಫರ್‌ಗಳು ಬೇರೆ ವಿಷಯ, ಟೂರಿಸ್ಟ್ ವೀಸಾದಲ್ಲಿ ಅದು ಕೆಲಸ ಮಾಡಿದ ಹಾಗೇ ಲೆಕ್ಕ, ಆ ತಂಟೆಗೆ ಹೋಗಲೇಬೇಡಿ. ಬೇರೆ ವೀಸಾದವರಿಗೆ ಡೌಟ್ ಇದ್ರೆ ವಕೀಲರನ್ನೇ ಕೇಳಿ, ವಾಟ್ಸಾಪ್ ಗ್ರೂಪನ್ನ ಕೇಳಬೇಡಿ. ಬೆಂಗಳೂರಿಂದ ಮೇಲ್ ಮಾಡೋರಿಗೆ ಒಂದು ವಿಷ್ಯ, ಹವಾಯಿ ನಮಗಿಂತ ಹದಿನೈದೂವರೆ ಗಂಟೆ ಹಿಂದೆ, ನಿಮ್ಮ ಶನಿವಾರ ಅವರಿಗೆ ಇನ್ನೂ ಶುಕ್ರವಾರ.

ಹೆಜ್ಜೆ 4: ಬ್ಯಾಗ್ ತುಂಬೋದು

ಬೂಟು ಮೊದಲು. ಓಹೀಆ ಅನ್ನೋ ಅಲ್ಲಿನ ಕಾಡುಮರಕ್ಕೆ 2014ರಲ್ಲಿ ಗೊತ್ತಾದ ಒಂದು ಶಿಲೀಂಧ್ರ ರೋಗ ಇದೆ, ಮಣ್ಣಿನ ಜೊತೆ ಹರಡತ್ತೆ. ಹಾಗಾಗಿ ಶೂ ಅಡಿಯ ಮಣ್ಣನ್ನ ಬ್ರಷ್ ಹಾಕಿ ಉಜ್ಜಿ, 70 ಪರ್ಸೆಂಟ್ ಆಲ್ಕೋಹಾಲ್ ಹೊಡೆದು, ಒಣಗಿಸಿ ತಗೊಂಡೋಗಿ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವಾಗ್ಲೂ ಇದೇ. ನೀರಿನ ಕೆಲಸಕ್ಕೆ ಚಪ್ಪಲಿ ನಡೆಯಲ್ಲ, ಕೆಸರಲ್ಲಿ ಮೊದಲ ಹೆಜ್ಜೆಗೇ ಹೋಗತ್ತೆ. ಪಾದ ಮುಚ್ಚೋ, ಬಿಗಿಯಾಗಿ ನಿಲ್ಲೋ ಶೂ ಬೇಕು, ಅಲ್ಲಿನವರು ಟಾಬಿ ಅನ್ನೋದನ್ನ ಹಾಕ್ತಾರೆ, ಅಡಿಗೆ ಫೆಲ್ಟ್ ಇರತ್ತೆ, ಪಾಚಿ ಕಲ್ಲಿನ ಮೇಲೆ ಜಾರಲ್ಲ, ಅಲ್ಲೇ ಅಂಗಡೀಲಿ ಸಿಗತ್ತೆ.

ಉದ್ದ ತೋಳಿನ ಅಂಗಿ, ಟೋಪಿ, ಕೈಗವಸು, ಜಾಸ್ತಿ ನೀರು, ಬದಲಿ ಬಟ್ಟೆ, ಟವೆಲ್. ಸನ್‌ಸ್ಕ್ರೀನ್‌ನಲ್ಲಿ ಆಕ್ಸಿಬೆನ್ಝೋನ್, ಆಕ್ಟಿನಾಕ್ಸೇಟ್ ಇರಬಾರದು, ಹವಳಕ್ಕೆ ಹಾನಿ ಅಂತ 2021ರಿಂದ ಅಲ್ಲಿ ಅದರ ಮಾರಾಟಾನೇ ನಿಲ್ಲಿಸಿದ್ದಾರೆ.

ಕೈಕಾಲಲ್ಲಿ ಗಾಯ ಇದ್ರೆ ಗದ್ದೆಗೆ, ಹೊಳೆಗೆ ಇಳೀಬೇಡಿ. ನಮ್ಮಲ್ಲಿ ಇಲಿ ಜ್ವರ ಅಂತೀವಲ್ಲ, ಲೆಪ್ಟೋಸ್ಪೈರೋಸಿಸ್, ಅದು ಅಲ್ಲೂ ಇದೆ. ಮುಚ್ಚಿಟ್ಕೊಂಡು ಇಳಿಯೋ ಬದ್ಲು ನನಗೆ ದಡದ ಕೆಲಸ ಕೊಡಿ ಅಂತ ಹೇಳಿ, ದಡದಲ್ಲೂ ಕೆಲಸಕ್ಕೇನು ಬರ ಇಲ್ಲ. ವಾಪಸ್ ಬಂದ ಮೇಲೆ ಜ್ವರ ಮೈಕೈನೋವು ಬಂದ್ರೆ ಡಾಕ್ಟರ್‌ಗೆ ಗದ್ದೆಗೆ ಇಳಿದಿದ್ದು ಹೇಳಿ.

ಇನ್ನು ಅಮ್ಮಂದಿರ ಡಬ್ಬಿ. ಹಸಿ ಕರಿಬೇವು ಅಮೆರಿಕದ ಬಾಗಿಲಲ್ಲೇ ಕಸದ ಬುಟ್ಟಿಗೆ ಹೋಗತ್ತೆ, ಹವಾಯಿಗೆ ಇಳಿಯೋ ಮುಂಚೆ ಗಿಡ ಬೀಜ ಹಣ್ಣು ಏನಿದೆ ಅಂತ ಬೇರೆ ಡಿಕ್ಲೇರ್ ಮಾಡ್ಬೇಕು, ಅಲ್ಲಿಂದ ಮುಖ್ಯ ಭೂಮಿಗೆ ಹೊರಡುವಾಗ್ಲೂ ಕೃಷಿ ಇಲಾಖೆಯವರು ಬ್ಯಾಗ್ ನೋಡ್ತಾರೆ. ಚಟ್ನಿಪುಡಿ ಇದ್ರೆ ಡಿಕ್ಲೇರ್ ಮಾಡಿ ತಗೊಂಡೋಗಿ.

ಹೆಜ್ಜೆ 5: ಆ ದಿನ

ಲೇಟಾಗಿ ಹೋಗಬೇಡಿ, ಯಾಕಂದ್ರೆ ಶುರುವಿನ ಹತ್ತು ನಿಮಿಷವೇ ಮುಖ್ಯ. ಬಾಗಿಲಲ್ಲಿ ನಿಲ್ಲಿಸಿ ಒಳಗೆ ಬರೋಕೆ ಅನುಮತಿ ಕೇಳೋ ಮಂತ್ರ ಹೇಳ್ತಾರೆ, ಓಲಿ ಅಂತ, ಒಳಗಿಂದ ಇನ್ನೊಬ್ಬರು ಉತ್ತರ ಹೇಳಿದ ಮೇಲೇ ಹೆಜ್ಜೆ ಇಡೋದು. ಆಗ ಟೋಪಿ ತೆಗೀರಿ, ಮೊಬೈಲ್ ಜೇಬಲ್ಲಿರ್ಲಿ, ರೆಕಾರ್ಡ್ ಮಾಡ್ಬೇಕು ಅನ್ನಿಸಿದ್ರೆ ಕೇಳಿ, ಬೇಡ ಅಂದ್ರೆ ಬಿಡಿ. ಆಮೇಲೆ ವೃತ್ತದಲ್ಲಿ ನಿಂತು ಹೆಸರು, ಊರು ಹೇಳೋದು. ಇಲ್ಲಿ ಸ್ಯಾನ್ ಹೋಸೆಯಲ್ಲಿ ಸಾಫ್ಟ್‌ವೇರ್ ಅಂತ ಮುಗಿಸಬೇಡಿ, ಶಿವಮೊಗ್ಗ, ತುಂಗಾ ನದಿ ದಡದವಳು ಅನ್ನಿ, ಯಾವ ನೀರಿನವರು ನೀವು ಅನ್ನೋದು ಅವರಿಗೆ ಬೇಕಾಗಿರೋದು. ದೊಡ್ಡವರನ್ನ ಅಂಕಲ್, ಆಂಟಿ ಅಂತಾರೆ, ನಮಗೆ ಅಭ್ಯಾಸ ಇರೋದೇ.

ಗೋಡೆ ಕೆಲಸ ಇದ್ರೆ ಸಾಲು ನಿಲ್ಲಿಸ್ತಾರೆ. ಕಾಲು ಅಗಲ ಮಾಡಿ, ಮಂಡಿ ಸ್ವಲ್ಪ ಬಗ್ಗಿಸಿ, ಎದುರಿನವರ ಕಡೆ ಮುಖ ಮಾಡಿ ನಿಂತ್ಕೊಳ್ಳಿ, ಸೊಂಟ ತಿರುಗಿಸಿ ಕಲ್ಲು ತಗೋಬೇಡಿ. ಎಸೀಬೇಡಿ, ಕೈಗೆ ಇಡಿ, "ಹಿಡ್ಕೊಂಡ್ರಾ" ಅಂತ ಕಣ್ಣಲ್ಲಿ ನೋಡಿ ಆಮೇಲೇ ಬಿಡಿ. ಲಾವಾ ಕಲ್ಲು ತೂತು ತೂತು ಇರತ್ತೆ, ಹಗುರ ಅನ್ಕೊಂಡು ಎತ್ತಿದ್ರೆ ಕೆಲವು ಮೋಸ ಮಾಡ್ತವೆ, ಅಂಚು ಗ್ಲೌಸನ್ನೂ ಹರಿಯತ್ತೆ. ಸ್ವಲ್ಪ ಹೊತ್ತಿಗೆ ಸಾಲಿಗೆ ಒಂದು ಲಯ ಸಿಗತ್ತೆ, ಮಾತು ನಿಲ್ಲತ್ತೆ, ಮತ್ತೆ ಯಾರೋ ಹಾಡು ಶುರು ಮಾಡ್ತಾರೆ. ಪುಉಕೊಹೊಲಾ ಹೇಯಾವ್‌ನ ಮೊದಲನೇ ಕಮೆಹಮೆಹ 1790ರ ಸುಮಾರಿಗೆ ಕಟ್ಟಿಸುವಾಗ ಇಪ್ಪತ್ತು ಮೈಲಿ ದೂರದ ಪೊಲೊಲು ಕಣಿವೆಯಿಂದ ಹೀಗೇ ಜನರ ಸಾಲಲ್ಲಿ ಕಲ್ಲು ಬಂತು ಅಂತ ಅಲ್ಲಿನವರು ಹೇಳ್ತಾರೆ, ನಾಲ್ಕು ಮಾರು ದೂರಕ್ಕೇ ನಮ್ಮ ತೋಳು ನಡುಗ್ತಿರುವಾಗ ಆ ಮಾತಿನ ತೂಕ ಗೊತ್ತಾಗತ್ತೆ.

ಕಲ್ಲನ್ನ ಗೋಡೆಗೆ ಕೂರಿಸೋದು ಮಾತ್ರ ಕಲಿತವರ ಕೆಲಸ. ಗಾರೆ ಇಲ್ಲದ ಗೋಡೇಲಿ ಒಂದು ಕಲ್ಲು ತಪ್ಪು ಕೂತ್ರೆ ಮುಂದಿನ ಅಲೆಗೋ ಭೂಕಂಪಕ್ಕೋ ಅಷ್ಟೂ ಬಿಚ್ಚಿಕೊಳ್ಳತ್ತೆ, 2006ರ ಭೂಕಂಪದಲ್ಲಿ ಪುಉಕೊಹೊಲಾಗೇ ಪೆಟ್ಟಾಗಿ ಆಮೇಲೆ ಈ ವಿದ್ಯೆ ಬಲ್ಲವರೇ ಸರಿ ಮಾಡಿದ್ದು. ನಿಮಗೆ ಎಂಜಿನಿಯರಿಂಗ್ ಡಿಗ್ರಿ ಇದ್ರೂ ಸಲಹೆ ಕೊಡಬೇಡಿ. ಕೆಲಸ ಮಾಡ್ತಾ ಮೂಳೆ, ಹಳೇ ಉಪಕರಣ ಥರ ಏನಾದ್ರೂ ಕಂಡ್ರೆ ಕೈ ಅಲ್ಲೇ ನಿಲ್ಲಿಸಿ ಲೀಡರ್‌ನ ಕರೀರಿ, ಫೋಟೋ ತೆಗೀಬೇಡಿ, ಅದು ಅವರ ಹಿರಿಯರ ಮೂಳೆ ಇರಬಹುದು.

ಮಧ್ಯಾಹ್ನ ಎಲ್ಲರೂ ತಂದಿದ್ದನ್ನ ಹಂಚಿಕೊಂಡು ತಿನ್ನೋದು ಇರತ್ತೆ. ಕೆಸುವಿನ ಗಡ್ಡೆ ಬೇಯಿಸಿ ಕುಟ್ಟಿ ಮಾಡಿದ ಪೊಯಿ ಕೊಟ್ರೆ ತಿನ್ನಿ, ಹುಳಿ ಬಂದಿರೋದೂ ಇರತ್ತೆ, ಮುಖ ಸಿಂಡರಿಸಬೇಡಿ. ವೆಜ್ ಆದ್ರೆ ಮುಂಚೆನೇ ಹೇಳಿಡಿ, ನಿಮ್ಮ ಡಬ್ಬೀನೂ ಹಂಚಿ. ನಾನು ನೋಡಿದ ಹಾಗೆ ಚಿತ್ರಾನ್ನ ಎಲ್ಲದಕ್ಕಿಂತ ಮೊದ್ಲು ಖಾಲಿ ಆಗತ್ತೆ.

ಹೆಜ್ಜೆ 6: ಮಾಡಬಾರದ್ದು

ಹೇಯಾವ್ ಗೋಡೆ ಹತ್ತೋದು, ಮೇಲೆ ಕೂರೋದು, ಡ್ರೋನ್ ಹಾರಿಸೋದು ಬೇಡ. ಪುಟ್ಟ ಕಲ್ಲು ಒಂದರ ಮೇಲೊಂದು ಪೇರಿಸಿ ಇನ್‌ಸ್ಟಾಗ್ರಾಂಗೆ ಹಾಕೋದು ಅಂತೂ ಬೇಡವೇ ಬೇಡ, ಆ ಕಲ್ಲು ಎಲ್ಲಿಂದಲೋ ಕಿತ್ತಿದ್ದೇ ಆಗಿರತ್ತೆ. ಲಾವಾ ಕಲ್ಲು, ಮರಳು ನೆನಪಿಗೆ ಅಂತ ಜೇಬಿಗೆ ಹಾಕ್ಕೋಬೇಡಿ.

ನಮ್ಮವರಿಗೆ ಅಂತಲೇ ಇನ್ನೊಂದು. ಭಕ್ತಿ ಬಂದ್ಬಿಟ್ರೆ ಕೈ ಸುಮ್ನಿರಲ್ಲ, ಕುಂಕುಮ ಹಚ್ಚೋದು, ಊದಿನಕಡ್ಡಿ, ಕಾಯಿ ಒಡೆಯೋದು, ಚಿಲ್ಲರೆ ಕಾಸು ಇಡೋದು. ಬೇರೆಯವರ ಮನೆ ದೇವರಕೋಣೆಗೆ ಹೋಗಿ ನಾವೇ ಆರತಿ ಎತ್ತೋಕೆ ಕೂರಲ್ವಲ್ಲ, ಹಾಗೇ ಇದು. ಕಾಸು ತುಕ್ಕು ಹಿಡಿದು ಕಲ್ಲಿಗೆ ಕಲೆ ಬೀಳತ್ತೆ, ಹಣ್ಣಿಗೆ ಇಲಿ ಬರತ್ತೆ. ಟಿ ಅನ್ನೋ ಅಲ್ಲಿನ ಗಿಡದ ಎಲೆಯಲ್ಲಿ ಕಲ್ಲು ಸುತ್ತಿ ಇಡೋದನ್ನ ಯಾರೋ ಟೂರಿಸ್ಟ್ ಮಾಡಿದ್ದು ನೋಡಿ ನೀವೂ ಮಾಡ್ಬೇಡಿ, ಅದು ಅವರ ಪದ್ಧತಿಯೇ ಅಲ್ಲ ಅಂತ ಅವರೇ ಹೇಳ್ತಾರೆ. ಏನಾದ್ರೂ ಅರ್ಪಿಸ್ಲೇಬೇಕು ಅನ್ನಿಸಿದ್ರೆ ಕೇಳಿ. "ಇದು ನಮ್ಮ ಶಿವಲಿಂಗ ಥರಾನೇ ಅಲ್ವಾ" ಅಂತ ಅಲ್ಲೇ ಶುರು ಮಾಡೋ ಮಾವಂದಿರನ್ನ ಮೆಲ್ಲಗೆ ಪಕ್ಕಕ್ಕೆ ಕರ್ಕೊಂಡೋಗಿ.

ಹೆಜ್ಜೆ 7: ಮುಗಿದ ಮೇಲೆ

ಗುದ್ದಲಿ, ಬಕೆಟ್ ತೊಳೆದು ಅದರ ಜಾಗಕ್ಕೆ ಇಟ್ಟು ಹೊರಡಿ, ಕೊನೆಗೆ ಈ ಕೆಲಸಕ್ಕೆ ಯಾರೂ ಉಳಿದಿರಲ್ಲ. ಫೋಟೋ ಹಾಕೋದಾದ್ರೆ ಸಂಸ್ಥೆ ಹೆಸರು ಬರೀರಿ, ಸಾರ್ವಜನಿಕರಿಗೆ ತೆರೆದಿರದ ಜಾಗ ಆದ್ರೆ ಲೊಕೇಶನ್ ಟ್ಯಾಗ್ ಹಾಕ್ಬೇಡಿ, ಬೇರೆಯವರ ಮಕ್ಕಳ ಮುಖ ಬೇಡ. ಸಾಧ್ಯ ಆದ್ರೆ ದುಡ್ಡೂ ಕೊಡಿ, ಒಂದು ಬೆಳಿಗ್ಗೆ ನಮ್ಮಂಥ ಹೊಸಬರಿಗೆ ಕಲಿಸಿ ಕಾಯೋದು ಅವರಿಗೆ ಖರ್ಚಿನ ಬಾಬತ್ತೇ. ಅಮೆರಿಕದ ಕಂಪನೀಲಿ ಕೆಲಸ ಮಾಡೋರು ವಾಲಂಟಿಯರ್ ಗಂಟೆಗೆ ಕಂಪನಿ ಡೊನೇಷನ್ ಮ್ಯಾಚ್ ಮಾಡತ್ತಾ ಅಂತ ನೋಡಿ, ಬಹಳ ಕಡೆ ಮಾಡ್ತಾರೆ, ಫಾರ್ಮ್ ತುಂಬೋಕೆ ಸೋಮಾರಿತನ ಅಷ್ಟೇ. ಮತ್ತೆ ಮರುದಿನಕ್ಕೆ ಜ್ವಾಲಾಮುಖಿ ಟ್ರೆಕ್ಕಿಂಗ್ ಬುಕ್ ಮಾಡ್ಕೋಬೇಡಿ, ಬೀಚ್ ಇಟ್ಕೊಳ್ಳಿ, ತೊಡೆ ಎರಡು ದಿನ ಮೆಟ್ಟಿಲು ಇಳಿಯೋಕೆ ಬಿಡಲ್ಲ.